ಗಾಲಿಕುರ್ಚಿಯೂ ಮೈ ಅಳತೆಗೆ ಹೊಂದಬೇಕು

ರೋಗಿಗಳಿಗೂ ಮನೆಮಂದಿಗೂ ತಿಳುವಳಿಕೆ



ಒಂದು ಊರಿನ ಜನರಿಗೆಲ್ಲ ಒಂದೇ ಅಳತೆಯ ಚಪ್ಪಲಿ ಹಂಚಿದರೆ ಏನಾಗುತ್ತದೆ? ಕೆಲವರಿಗೆ ಕಚ್ಚುತ್ತದೆ, ಕೆಲವರ ಕಾಲಿನಿಂದ ಜಾರುತ್ತದೆ, ಸರಿಹೋಗುವುದು ನಾಲ್ಕಾರು ಜನರಿಗೆ ಮಾತ್ರ. ಚಪ್ಪಲಿ ಕಚ್ಚಿದರೆ ನಮಗೆ ನೋವಾಗುತ್ತದೆ, ಕಳಚಿ ಕೈಯಲ್ಲಿ ಹಿಡಿದು ನಡೆಯುತ್ತೇವೆ. ಗಾಲಿಕುರ್ಚಿಯ ವಿಷಯ ಹಾಗಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರಿಗೆ ಕುರ್ಚಿ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಚರ್ಮ ಒಡೆದು ಹುಣ್ಣಾಗಿರುತ್ತದೆ.

ಆದರೂ ನಮ್ಮಲ್ಲಿ ವ್ಹೀಲ್‌ಚೇರ್ ಎಂದರೆ ಮನೆಗೊಂದು ಪ್ಲಾಸ್ಟಿಕ್ ಕುರ್ಚಿ ತಂದಂತೆ. ಯಾವುದೋ ಒಂದು, ಯಾರಿಗಾದರೂ ಆದೀತು ಎಂಬ ಭಾವನೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನು ಹೇಳಿಯೇ ಮುಂದಿನ ಮಾತು ಹೇಳುತ್ತೇನೆ.

ಕಣ್ಣು ತೆರೆಸಿದ ಅನುಭವ

ಡಿಪ್ಲೊಮಾ ಮುಗಿಸಿ ಬೇರೊಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಹುಣಸೆಹಣ್ಣು ಬಡಿಯಲು ಮರ ಹತ್ತಿ ಬಿದ್ದ ರೈತರೊಬ್ಬರು ನಮ್ಮ ವಾರ್ಡಿನಲ್ಲಿದ್ದರು. ಎರಡೂ ಕಾಲುಗಳು ಸ್ವಾಧೀನ ತಪ್ಪಿದ್ದವು. ಮನೆಗೆ ಕಳಿಸುವ ದಿನ ದಾನಿಗಳು ಕೊಟ್ಟ ಹೊಸ ಗಾಲಿಕುರ್ಚಿಯಲ್ಲಿ ಅವರನ್ನು ಕೂರಿಸಿದೆವು. ಮಾತ್ರೆ ಯಾವಾಗ ಕೊಡಬೇಕು, ಮೂತ್ರದ ನಳಿಕೆಯನ್ನು ಹೇಗೆ ಶುಚಿಯಾಗಿಡಬೇಕು ಎಂದು ನಾನೇ ಅವರ ಮನೆಯವರಿಗೆ ಹೇಳಿಕೊಟ್ಟೆ. ಕುರ್ಚಿಯ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಕೂರುವುದನ್ನೂ ಕಲಿಸಬೇಕೇ ಎಂದುಕೊಂಡಿದ್ದೆ.

ಎರಡು ತಿಂಗಳಿಗೆ ಜ್ವರವೆಂದು ಕರೆತಂದರು. ಬಟ್ಟೆ ಸರಿಸಿ ನೋಡಿದರೆ ಕೂರುವ ಮೂಳೆಯ ಮೇಲೆ ಆಳವಾದ ಹುಣ್ಣು, ಕೀವು.

"ಯಾಕಣ್ಣ ಮೊದಲೇ ಬರಲಿಲ್ಲ?" ಎಂದು ಕೇಳಿದೆ.

"ನಂಗೇನು ಗೊತ್ತಾಗುತ್ತೆ ಸಿಸ್ಟರ್? ನೀವು ಕುರ್ಚಿ ಕೊಟ್ರಿ, ನಾನು ಕೂತ್ಕೊಂಡೆ" ಎಂದರು.

ಹುಣ್ಣು ಮಾಯುವವರೆಗೆ ತಿಂಗಳುಗಟ್ಟಲೆ ಅವರು ಬೋರಲಾಗಿ, ಮಗ್ಗುಲಾಗಿ ಮಲಗಿಯೇ ಕಳೆಯಬೇಕಾಯಿತು. ಹೆಂಡತಿ ಹಾಸಿಗೆಯ ಪಕ್ಕ ಕೂತದ್ದರಿಂದ ಆ ಸಲದ ರೇಷ್ಮೆ ಬೆಳೆಯೂ ಕೈಬಿಟ್ಟಿತು. ಆಮೇಲೆ ಟೇಪು ಹಿಡಿದು ಅಳೆದೆವು. ಅವರ ಸೊಂಟದ ಅಗಲ 14 ಅಂಗುಲ, ಕುರ್ಚಿಯ ಆಸನ 18 ಅಂಗುಲ. ರೆಕ್ಸಿನ್ ಆಸನ ನಡುವೆ ತೊಟ್ಟಿಲಿನಂತೆ ಜೋತಿತ್ತು. ಪಾದದ ಹಲಗೆ ತೀರಾ ಮೇಲಿತ್ತು, ಹಾಗಾಗಿ ಮೊಣಕಾಲು ಮೇಲೆದ್ದು ಮೈಭಾರವೆಲ್ಲ ಹಿಂದಿನ ಎರಡು ಮೂಳೆಗಳ ಮೇಲೆ ಬಿದ್ದಿತ್ತು. ದಾನ ಕೊಟ್ಟವರ ಮನಸ್ಸು ದೊಡ್ಡದೇ. ಅಳೆದು ಹೊಂದಿಸದೆ ಕೂರಿಸಿದ್ದು ನಮ್ಮ ತಪ್ಪು.

ಈ ಮಡಚು ಕುರ್ಚಿ ಎಲ್ಲಿಂದ ಬಂತು?

ನಾವು ಎಲ್ಲೆಡೆ ನೋಡುವ, ಎರಡು ಕೊಳವೆಗಳು ಕತ್ತರಿಯಂತೆ ಅಡ್ಡ ಹಾಯ್ದು ಮಡಚಿಕೊಳ್ಳುವ ಕುರ್ಚಿಯ ಮೂಲ ಅಮೆರಿಕದ್ದು. ಗಣಿ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ಹರ್ಬರ್ಟ್ ಎವರೆಸ್ಟ್ ಎಂಬುವರೂ ಅವರ ಎಂಜಿನಿಯರ್ ಮಿತ್ರ ಹ್ಯಾರಿ ಜೆನ್ನಿಂಗ್ಸ್ ಅವರೂ ಸೇರಿ 1933ರ ಸುಮಾರಿಗೆ ಇದನ್ನು ರೂಪಿಸಿದರು. ಕಾರಿನಲ್ಲಿ ಮಡಚಿ ಇಟ್ಟುಕೊಳ್ಳಲು ಬರಬೇಕೆಂಬುದು ಅವರ ಅಗತ್ಯವಾಗಿತ್ತು. ಮಡಚಬೇಕಾದರೆ ಆಸನ ಬಟ್ಟೆಯದೋ ರೆಕ್ಸಿನ್‌ನದೋ ಆಗಿರಬೇಕು. ಕಾಲ ಕಳೆದಂತೆ ಅದು ಜೋಲುವುದು ಸಹಜ.

ಇದೇ ಮಾದರಿ ಮುಂದೆ ಆಸ್ಪತ್ರೆಗಳ ಕುರ್ಚಿಯಾಯಿತು. ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ ಹತ್ತು ನಿಮಿಷ ಕೂರಿಸಿ ತಳ್ಳಿಕೊಂಡು ಹೋಗಲು ಅದು ಸಾಕು. ಆದರೆ ದಿನಕ್ಕೆ ಎಂಟು ಹತ್ತು ಗಂಟೆ ಅದರಲ್ಲೇ ಬದುಕುವವರಿಗೆ ಸಾಲದು.

ಇದನ್ನು ಮನಗಂಡು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕಡಿಮೆ ಅನುಕೂಲವಿರುವ ದೇಶಗಳಿಗೆಂದೇ ಕೈಚಾಲಿತ ಗಾಲಿಕುರ್ಚಿಯ ಮಾರ್ಗಸೂಚಿ ಹೊರತಂದಿತು. ಕುರ್ಚಿ ಬಳಸುವವರ ಅಗತ್ಯಕ್ಕೂ ಅವರು ಓಡಾಡುವ ನೆಲಕ್ಕೂ ಹೊಂದಬೇಕು, ಮೈಗೆ ಸರಿಯಾದ ಆಸರೆ ಕೊಡಬೇಕು, ಅಪಾಯವಿಲ್ಲದೆ ಬಾಳಿಕೆ ಬರಬೇಕು, ಅದೇ ದೇಶದಲ್ಲಿ ಕೈಗೆಟಕುವ ಖರ್ಚಿನಲ್ಲಿ ರಿಪೇರಿಯಾಗಬೇಕು ಎಂಬುದು ಅದರ ಸಾರ. 2023ರ ಹೊಸ ಮಾರ್ಗಸೂಚಿ ಇದೇ ಕೆಲಸವನ್ನು ನಾಲ್ಕು ಹೆಜ್ಜೆಯಲ್ಲಿ ಹೇಳುತ್ತದೆ: ಆರಿಸುವುದು, ಹೊಂದಿಸುವುದು, ಕಲಿಸುವುದು, ಆಮೇಲೂ ವಿಚಾರಿಸಿಕೊಳ್ಳುವುದು.

ಮೊದಲು ಅಳತೆ

ರೋಗಿಯನ್ನು ಗಟ್ಟಿಯಾದ ಬೆಂಚಿನ ಮೇಲೆ ನೇರವಾಗಿ ಕೂರಿಸಿ, ಬೇಕಿದ್ದರೆ ಒಬ್ಬರು ಹಿಡಿದುಕೊಂಡು, ಟೇಪಿನಿಂದ ಅಳೆಯಿರಿ.

1. ಆಸನದ ಅಗಲ: ಸೊಂಟದ ಅತಿ ಅಗಲವಾದ ಜಾಗವನ್ನು ಅಳೆಯಿರಿ. ಕುರ್ಚಿಯಲ್ಲಿ ಕೂತಾಗ ಎರಡು ಪಕ್ಕದಲ್ಲೂ ಚಪ್ಪಟೆ ಮಾಡಿದ ಅಂಗೈ ಮಾತ್ರ ತೂರುವಷ್ಟು ಸಂದಿ ಇರಲಿ. ಹೆಚ್ಚು ಅಗಲವಾದರೆ ಮೈ ಒಂದು ಕಡೆ ವಾಲಿ ಒಂದೇ ಮೂಳೆಯ ಮೇಲೆ ಭಾರ ಬೀಳುತ್ತದೆ. ಗಾಲಿಯೂ ಕೈಗೆ ದೂರವಾಗುತ್ತದೆ.

2. ಆಸನದ ಆಳ: ಬೆನ್ನಿನ ಕೆಳತುದಿಯಿಂದ ಮೊಣಕಾಲಿನ ಹಿಂಭಾಗದವರೆಗೆ ಅಳೆಯಿರಿ. ಆಸನದ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ಎರಡು ಬೆರಳು ಸಂದಿ ಇರಬೇಕು. ಆಳ ಜಾಸ್ತಿಯಾದರೆ ರೋಗಿ ಮುಂದೆ ಜಾರಿ ಬೆನ್ನು ಬಾಗಿಸಿ ಕೂರುತ್ತಾರೆ.

3. ಪಾದದ ಹಲಗೆ: ತೊಡೆ ಪೂರ್ತಿ ಮೆತ್ತೆಗೆ ತಾಗಿರಬೇಕು, ಪಾದ ಪೂರ್ತಿ ಹಲಗೆಯ ಮೇಲಿರಬೇಕು. ಹಲಗೆ ನೆಲದಿಂದ ಕನಿಷ್ಠ 2 ಅಂಗುಲ ಮೇಲಿರಲಿ, ಇಲ್ಲದಿದ್ದರೆ ಕಲ್ಲಿಗೆ ತಗಲುತ್ತದೆ.

4. ಬೆನ್ನಿನ ಆಸರೆ: ತಾವೇ ಗಾಲಿ ತಳ್ಳುವವರಿಗೆ ಬೆನ್ನೆಲೆಯ, ಅಂದರೆ ಹೆಗಲಿನ ಹಿಂದಿನ ಚಪ್ಪಟೆ ಮೂಳೆಯ, ಕೆಳಗೆ ನಿಲ್ಲಬೇಕು. ನಡು ನಿಲ್ಲದವರಿಗೆ ಇನ್ನೂ ಎತ್ತರ ಬೇಕು.

5. ಗಾಲಿಯ ಜಾಗ: ಭುಜ ಸಡಿಲಬಿಟ್ಟು ಕೈ ಇಳಿಬಿಟ್ಟರೆ ಬೆರಳ ತುದಿ ಹಿಂದಿನ ಗಾಲಿಯ ಅಚ್ಚಿನ ಹತ್ತಿರ ಬರಬೇಕು.

ಹೊಸ ಮಾದರಿಗಳಲ್ಲಿ ಏನೇನು ಬದಲಾಗಿದೆ?

ಮುಖ್ಯವಾದ ಬದಲಾವಣೆ, ಒಂದೇ ಕುರ್ಚಿಯನ್ನು ಒಂದು ಸ್ಪ್ಯಾನರ್ ಹಿಡಿದು ಹಲವು ಮೈಗಳಿಗೆ ಹೊಂದಿಸಲು ಬರುವಂತೆ ಮಾಡಿರುವುದು. ಪಾದದ ಹಲಗೆಯ ಕೊಳವೆಯಲ್ಲಿ ಸಾಲಾಗಿ ತೂತುಗಳಿರುತ್ತವೆ, ಬೋಲ್ಟು ಬಿಚ್ಚಿ ಮೇಲೆ ಕೆಳಗೆ ಮಾಡಬಹುದು. ಬೆನ್ನಿನ ಹಿಂದೆ ಒಂದೇ ಬಟ್ಟೆಯ ಬದಲು ಬಿಗಿ ಸಡಿಲ ಮಾಡಬಹುದಾದ ಪಟ್ಟಿಗಳಿರುತ್ತವೆ, ಗೂನಿದ್ದವರಿಗೆ ಅಲ್ಲಿ ಸಡಿಲ ಬಿಡಬಹುದು. ಕೈಯಾಸರೆ ಕಳಚಲು ಬರುತ್ತದೆ, ಮಂಚಕ್ಕೆ ಪಕ್ಕದಿಂದ ಜಾರಿ ಹೋಗಬಹುದು.

ಗಾಲಿಯ ಅಚ್ಚಿಗೂ ಹಲವು ತೂತುಗಳ ಪಟ್ಟಿ ಇರುತ್ತದೆ. ಅದರ ಉಪಯೋಗ ಎತ್ತಿನಗಾಡಿ ಹೊಡೆದವರಿಗೆ ಬೇಗ ತಿಳಿಯುತ್ತದೆ. ಗಾಡಿಯಲ್ಲಿ ಭಾರ ಮುಂದಾದರೆ ಎತ್ತಿನ ಹೆಗಲಿಗೆ ಹೊರೆ, ಹಿಂದಾದರೆ ನೊಗ ಮೇಲೇಳುತ್ತದೆ. ಗಾಲಿಕುರ್ಚಿಯೂ ಹಾಗೆಯೇ. ಹಿಂದಿನ ಗಾಲಿಯನ್ನು ಸ್ವಲ್ಪ ಮುಂದೆ ತಂದರೆ ಮೈಭಾರ ಅಚ್ಚಿನ ಮೇಲೆ ಬಂದು ಮುಂದಿನ ಪುಟ್ಟ ಗಾಲಿ ಹಗುರವಾಗುತ್ತದೆ, ತಳ್ಳುವುದು ಸುಲಭವಾಗುತ್ತದೆ. ಅತಿಯಾದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಹಾಗಾಗಿ ಹೊಸಬರಿಗೆ ಗಾಲಿ ಹಿಂದಿರಲಿ. ಕೈ ಪಳಗಿದ ಮೇಲೆ ಒಂದೊಂದೇ ತೂತು ಮುಂದೆ ತರಬೇಕು, ಅದೂ ತಿಳಿದವರ ಎದುರಿನಲ್ಲಿ.

ಹಳ್ಳಿಯ ನೆಲಕ್ಕೆ ಬೇರೆ ಮಾದರಿಯೇ ಇದೆ. ಮುಂದಿನ ಪುಟ್ಟ ಗಾಲಿ ಮರಳಿನಲ್ಲಿ ಹೂತುಕೊಂಡು ಕುರ್ಚಿ ಮುಗ್ಗರಿಸುವುದನ್ನು ನೀವು ನೋಡಿರಬಹುದು. ಮುಂದೆ ಒಂದೇ ದೊಡ್ಡ ಗಾಲಿ ಕೊಟ್ಟು ಕುರ್ಚಿಯನ್ನು ಉದ್ದ ಮಾಡಿದರೆ ಹಿಪ್ಪುನೇರಳೆ ತೋಟದ ದಾರಿಯಲ್ಲೂ ಹೋಗುತ್ತದೆ. ಆದರೆ ಇಕ್ಕಟ್ಟಾದ ಅಡುಗೆಮನೆಯಲ್ಲಿ ತಿರುಗಿಸಲು ಕಷ್ಟ. ಇಂಥ ಮೂರು ಗಾಲಿಯ ಕುರ್ಚಿಗಳನ್ನು ಬ್ರಿಟನ್ನಿನಲ್ಲಿ 1991ರಲ್ಲಿ ಆರಂಭವಾದ ಮೋಟಿವೇಶನ್ ಸಂಸ್ಥೆ ಹಲವು ದೇಶಗಳಲ್ಲಿ ಬಳಕೆಗೆ ತಂದಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ಕಾನ್‌ಸ್ಟಂಟೈನ್ ಸ್ವತಃ ಗಾಲಿಕುರ್ಚಿ ಬಳಸುವವರು. ಅಮೆರಿಕದ ರಾಲ್ಫ್ ಹಾಚ್‌ಕಿಸ್ ಕೂಡ ಹಾಗೆಯೇ. ಬಡ ದೇಶಗಳ ಸಣ್ಣ ವರ್ಕ್‌ಶಾಪುಗಳಲ್ಲಿ, ಅಲ್ಲೇ ಸಿಗುವ ಕೊಳವೆ ಮತ್ತು ಬಿಡಿಭಾಗಗಳಿಂದ ಮಾಡಬಹುದಾದ ಕುರ್ಚಿಗಳನ್ನು ಅವರು ರೂಪಿಸಿದರು. ಕೂತವರೇ ವಿನ್ಯಾಸ ಮಾಡಿದಾಗ ಕುರ್ಚಿ ಸುಧಾರಿಸುತ್ತದೆ ಎಂಬುದಕ್ಕೆ ಇವರೆಲ್ಲ ಸಾಕ್ಷಿ.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಮದ್ರಾಸ್ ಐ.ಐ.ಟಿ.ಯ ಸಂಶೋಧನೆಯಿಂದ ಹುಟ್ಟಿದ 'ನಿಯೋಫ್ಲೈ' ಎಂಬ ಕುರ್ಚಿ 2021ರಲ್ಲಿ ಬಂತು. ದರ್ಜಿ ಅಳತೆ ತೆಗೆದುಕೊಂಡಂತೆ ಬಳಸುವವರ ಮೈ ಅಳತೆಗೆ ತಕ್ಕಂತೆ ಅದನ್ನು ಹೊಂದಿಸಿ ಕೊಡುತ್ತಾರೆ.

ಇರುವ ಕುರ್ಚಿಯನ್ನೇ ಸರಿಪಡಿಸುವುದು

ಹೊಸ ಮಾದರಿ ಎಲ್ಲರಿಗೂ ಸಿಗಲಾರದು. ಮನೆಯಲ್ಲಿರುವ ಮಡಚು ಕುರ್ಚಿಯನ್ನೇ ಕಡಿಮೆ ಖರ್ಚಿನಲ್ಲಿ ಬಹಳ ಮಟ್ಟಿಗೆ ಸುಧಾರಿಸಬಹುದು.

ಮೊದಲು ಜೋತ ಆಸನ. ಅದರ ಮೇಲೆ ಅರ್ಧ ಅಂಗುಲದ ಪ್ಲೈವುಡ್ ಹಲಗೆ ಇಡಿ. ಹಲಗೆ ಎರಡು ಪಕ್ಕದ ಕೊಳವೆಗಳ ಮೇಲೆ ಕೂರಬೇಕು, ಜಾರದಂತೆ ಪಟ್ಟಿಯಿಂದ ಬಿಗಿಯಬೇಕು. ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿಸಿ. ಕುರ್ಚಿ ಮಡಚುವಾಗ ಹಲಗೆ ತೆಗೆದರಾಯಿತು. ಬರೀ ಹಲಗೆಯ ಮೇಲೆ ಯಾರನ್ನೂ ಎಂದಿಗೂ ಕೂರಿಸಬೇಡಿ.

ಹಲಗೆಯ ಮೇಲೆ ಮೆತ್ತೆ. ಹಾಸಿಗೆ ಅಂಗಡಿಯಲ್ಲಿ ಸಿಗುವ ಗಟ್ಟಿ ಫೋಮ್ ಕೆಳಗೆ, ಮೃದುವಾದ ಫೋಮ್ ಮೇಲೆ, ಎರಡೂ ಸೇರಿ 3ರಿಂದ 4 ಅಂಗುಲ ದಪ್ಪ ಇರಲಿ. ಕೆಳಗಿನ ಗಟ್ಟಿ ಫೋಮಿನ ಹಿಂಭಾಗದಲ್ಲಿ, ಕೂರುವ ಮೂಳೆಗಳು ಬರುವ ಜಾಗದಲ್ಲಿ ಸ್ವಲ್ಪ ತಗ್ಗು ಕತ್ತರಿಸಿದರೆ ಮೂಳೆಗಳು ಅದರಲ್ಲಿ ಇಳಿದು ಭಾರ ತೊಡೆಗಳಿಗೆ ಹಂಚಿಹೋಗುತ್ತದೆ. ಮೇಲ್ಹೊದಿಕೆ ಸಡಿಲವಾಗಿ ಹಿಗ್ಗುವಂತಿರಲಿ. ಬಿಗಿಯಾಗಿ ಹೊಲಿದ ರೆಕ್ಸಿನ್ ಹೊದಿಸಿದರೆ ಒಳಗಿನ ಮೆತ್ತೆ ಕೆಲಸಕ್ಕೆ ಬಾರದು. ಗಾಳಿ ತುಂಬಿದ ಟ್ಯೂಬಿನಂಥ ಬಳೆಯಾಕಾರದ ದಿಂಬನ್ನು ಬಳಸಬೇಡಿ. ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನು ಒತ್ತಿ ಹಿಡಿಯುತ್ತದೆ.

ಅಗಲ ಜಾಸ್ತಿ ಇದ್ದರೆ ಎರಡು ಪಕ್ಕಕ್ಕೂ ಸಮನಾಗಿ ಗಟ್ಟಿ ಫೋಮಿನ ಪಟ್ಟಿ ಕೊಡಿ. ಒಂದೇ ಪಕ್ಕಕ್ಕೆ ಕೊಟ್ಟರೆ ರೋಗಿ ಕುರ್ಚಿಯ ನಡುವೆ ಕೂರುವುದಿಲ್ಲ.

ಇಲ್ಲಿ ಒಂದು ಎಚ್ಚರ. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುತ್ತದೆ. ಹಲಗೆ, ಮೆತ್ತೆ ಸೇರಿ ರೋಗಿ ನಾಲ್ಕು ಅಂಗುಲ ಮೇಲಾದರೆ ಪಾದ ಹಲಗೆಗೆ ತಾಗದೆ ಜೋತಾಡಬಹುದು, ಕೈಯಾಸರೆ ತಗ್ಗಾಗಬಹುದು, ಗಾಲಿ ಕೈಗೆ ಎಟಕದಿರಬಹುದು. ಆದ್ದರಿಂದ ಕೊನೆಯಲ್ಲಿ ಮತ್ತೆ ಎಲ್ಲ ಅಳತೆ ನೋಡಿ. ಸ್ಪರ್ಶ ಇಲ್ಲದವರು, ಹಿಂದೆ ಹುಣ್ಣಾಗಿದ್ದವರು ಮನೆಯಲ್ಲೇ ಮಾಡಿಕೊಂಡು ಸುಮ್ಮನಾಗದೆ ಕುರ್ಚಿ ಸಮೇತ ಆಸ್ಪತ್ರೆಗೆ ಬಂದು ತೋರಿಸಿ.

ಕೈಬೆರಳಿನ ಪರೀಕ್ಷೆ

ಮೆತ್ತೆ ಸರಿಯಾಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಕೈ ತೊಳೆದು, ಉಗುರು ಕತ್ತರಿಸಿ, ಉಂಗುರ ಬಳೆ ತೆಗೆದಿಡಿ. ರೋಗಿಗೆ ಹೇಳಿ, ಒಂದು ಪಕ್ಕಕ್ಕೆ ವಾಲಿಸಿ, ಅಂಗೈ ಮೇಲೆ ಮಾಡಿ ಬೆರಳುಗಳನ್ನು ಮೆತ್ತೆಗೂ ಕೂರುವ ಮೂಳೆಗೂ ನಡುವೆ ಇಡಿ. ನಂತರ ನೇರ ಕೂರಿಸಿ.

ಬೆರಳ ತುದಿಯನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸಲು ಬಂದರೆ ಮೆತ್ತೆ ಒಳ್ಳೆಯದು. ಆಡಿಸಲು ಬಾರದಿದ್ದರೂ ಕೈ ಸಲೀಸಾಗಿ ಹೊರಬಂದರೆ ಎಚ್ಚರ ವಹಿಸಬೇಕು. ಬೆರಳು ಸಿಕ್ಕಿಕೊಂಡು ಎಳೆಯಲು ಕಷ್ಟವಾದರೆ ಆ ಮೆತ್ತೆಯ ಮೇಲೆ ಕೂರಿಸಬಾರದು. ಎರಡೂ ಪಕ್ಕ ನೋಡಿ. ಫೋಮ್ ದಿನ ಕಳೆದಂತೆ ಕುಗ್ಗುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ.

ಒಳ್ಳೆಯ ಮೆತ್ತೆ ಇದ್ದರೂ ಭಾರ ಇಳಿಸಲೇಬೇಕು

ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಎದೆಯನ್ನು ತೊಡೆಯ ಕಡೆ ತರಬೇಕು, ಇಲ್ಲವೇ ಒಂದು ಪಕ್ಕ, ಆಮೇಲೆ ಇನ್ನೊಂದು ಪಕ್ಕ ವಾಲಬೇಕು. ಪ್ರತಿ ಸಲ ಸುಮಾರು ಎರಡು ನಿಮಿಷ ಹಾಗೇ ಇರಬೇಕು. ಕೈಯೂರಿ ಮೈ ಎತ್ತುವುದನ್ನು ಹಲವರು ಮಾಡುತ್ತಾರೆ. ಆದರೆ ಅಷ್ಟು ಹೊತ್ತು ಎತ್ತಿ ಹಿಡಿಯಲಾಗದು, ಭುಜವೂ ಸವೆಯುತ್ತದೆ. ಮುಂದೆ ಬಾಗುವಾಗ ಬ್ರೇಕ್ ಹಾಕಿರಲಿ. ತಾವೇ ಬಾಗಲಾರದವರನ್ನು ಮನೆಯವರು ಹಿಡಿದು ಬಾಗಿಸಬೇಕು. ಟಿ.ವಿ. ನೋಡುವಾಗ ಜಾಹೀರಾತು ಬಂದಾಗಲೆಲ್ಲ ಬಾಗುವ ಅಭ್ಯಾಸ ಮಾಡಿಕೊಂಡವರಿದ್ದಾರೆ, ಅದೂ ಒಳ್ಳೆಯ ಉಪಾಯ.

ಬೆಳಿಗ್ಗೆ ಮತ್ತು ರಾತ್ರಿ ಚರ್ಮ ನೋಡಿ. ಒಬ್ಬರೇ ಇದ್ದರೆ ಕೈಗನ್ನಡಿ ಬಳಸಿ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು. ಸುತ್ತಲಿಗಿಂತ ಕಪ್ಪಾದ, ಬಿಸಿಯಾದ ಅಥವಾ ಗಟ್ಟಿಯಾದ ಜಾಗವನ್ನು ಬೆರಳಿನಿಂದ ಮುಟ್ಟಿ ಹುಡುಕಿ. ಕುರ್ಚಿಯಿಂದ ಇಳಿದ ಅರ್ಧ ಗಂಟೆಯಲ್ಲಿ ಗುರುತು ಹೋಗದಿದ್ದರೆ ಅದು ಹುಣ್ಣಿನ ಮೊದಲ ಹಂತ. ಅದು ಹೋಗುವವರೆಗೆ ಅದರ ಮೇಲೆ ಕೂರಬಾರದು, ಉಜ್ಜಬಾರದು, ಎಣ್ಣೆ ತಿಕ್ಕಬಾರದು. ಚರ್ಮ ಒಡೆದಿದ್ದರೆ, ಕೀವು, ವಾಸನೆ, ಜ್ವರ ಇದ್ದರೆ ಅಂದೇ ಆಸ್ಪತ್ರೆಗೆ ಬನ್ನಿ.

ಬಾಳಿಕೆ ಬರಬೇಕಾದರೆ

ಊರಿನ ಸೈಕಲ್ ಅಂಗಡಿಯಲ್ಲಿ ರಿಪೇರಿಯಾಗುವ ಕುರ್ಚಿಯೇ ನಿಜವಾಗಿ ಬಾಳುವ ಕುರ್ಚಿ. ಕೊಳ್ಳುವಾಗಲೇ ವಿಚಾರಿಸಿ: ಟೈರು ಟ್ಯೂಬು ಇಲ್ಲೇ ಸಿಗುತ್ತದೆಯೇ? ಮುಂದಿನ ಗಾಲಿಯ ಬೇರಿಂಗ್ ಬದಲಾಯಿಸಲು ಬರುತ್ತದೆಯೇ? ವಿಶೇಷ ಬೋಲ್ಟೊಂದು ಸಿಗದೆ ಮೂಲೆ ಸೇರಿದ ದುಬಾರಿ ಕುರ್ಚಿಗಳನ್ನು ನಾನು ನೋಡಿದ್ದೇನೆ.

ವಾರಕ್ಕೊಮ್ಮೆ: ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಟೈರಿನ ಗಾಳಿ ನೋಡಿ. ಗಾಳಿ ಕಡಿಮೆಯಾದರೆ ತಳ್ಳುವುದು ಕಷ್ಟ, ಬ್ರೇಕ್ ಕೂಡ ಹಿಡಿಯದು. ಮುಂದಿನ ಗಾಲಿಗೆ ಸುತ್ತಿದ ಕೂದಲು, ದಾರ ತೆಗೆಯಿರಿ.

ತಿಂಗಳಿಗೊಮ್ಮೆ: ನಟ್ಟು ಬೋಲ್ಟು ಬಿಗಿ ಮಾಡಿ. ಗಾಲಿಯ ಕಡ್ಡಿಗಳು ಸಡಿಲವಾಗಿವೆಯೇ ನೋಡಿ. ಮಡಚುವ ಜಾಗಕ್ಕೆ ಎಣ್ಣೆ ಹಾಕಿ. ಕೊಳವೆಯಲ್ಲಿ ಬಿರುಕು ಕಂಡರೆ ವೆಲ್ಡಿಂಗ್ ಆಗುವವರೆಗೆ ಬಳಸಬೇಡಿ. ಮೆತ್ತೆಯ ಹೊದಿಕೆ ಒಗೆದು ನೆರಳಿನಲ್ಲಿ ಒಣಗಿಸಿ.

ಮನೆಯನ್ನೂ ಸ್ವಲ್ಪ ಬದಲಿಸಿ. ಕುರ್ಚಿಯ ಒಟ್ಟು ಅಗಲ ಆಸನಕ್ಕಿಂತ ಸುಮಾರು 8 ಅಂಗುಲ ಹೆಚ್ಚಿರುತ್ತದೆ. ಆಸನ ಮೈಗೆ ತಕ್ಕಷ್ಟಿದ್ದರೆ ಬಾಗಿಲಲ್ಲೂ ಸಲೀಸಾಗಿ ಹೋಗುತ್ತದೆ. ಮೆಟ್ಟಿಲ ಬದಲು ಇಳಿಜಾರು ಮಾಡಿಸುವಾಗ ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದ ಎಂಬ ಲೆಕ್ಕ ಇಟ್ಟುಕೊಳ್ಳಿ. ಆರು ಅಂಗುಲದ ಮೆಟ್ಟಿಲಿಗೆ ಆರು ಅಡಿ ಬೇಕು.

ಎಲ್ಲಿ ಕೇಳಬೇಕು?

ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಎ.ಪಿ.ಡಿ. ಸಂಸ್ಥೆ ಮತ್ತು 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಅಂಗವಿಕಲರ ಪುನಶ್ಚೇತನಕ್ಕೆ ಹೆಸರಾದವು. ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಆದಾಯಮಿತಿಗೆ ಒಳಪಟ್ಟವರಿಗೆ ಗಾಲಿಕುರ್ಚಿ ದೊರೆಯುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿಟ್ಟುಕೊಳ್ಳಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ವಿಜಯಪುರ ಪಟ್ಟಣದವರಾದರೆ ಪುರಸಭೆಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿಯ ದಾರಿ ತಿಳಿಯುತ್ತದೆ. ಯಾರೇ ಕುರ್ಚಿ ಕೊಡಲಿ, ತೆಗೆದುಕೊಳ್ಳುವ ಮೊದಲು ನಿಮ್ಮ ಅಳತೆ ಬರೆದುಕೊಂಡು ಹೋಗಿ, ಅದರಲ್ಲಿ ಕೂತು ನೋಡಿ. ದಾನವಾಗಿ ಬಂದದ್ದನ್ನು ಅಳತೆ ಕೇಳುವುದು ಮರ್ಯಾದೆಗೇಡಲ್ಲ.

ದಾನಿಗಳಿಗೂ ಒಂದು ಬಿನ್ನಹ. ಹತ್ತು ಒಂದೇ ಅಳತೆಯ ಕುರ್ಚಿಗಳ ಬದಲು ಬೇರೆ ಬೇರೆ ಅಳತೆಯ ಐದು ಕುರ್ಚಿ, ಅದರ ಜೊತೆಗೆ ಮೆತ್ತೆ ಮತ್ತು ಬಿಡಿಭಾಗ ಕೊಟ್ಟರೆ ಹೆಚ್ಚು ಉಪಕಾರ. ಮನೆಯಲ್ಲಿ ಉಪಯೋಗ ಮುಗಿದ ಕುರ್ಚಿ ಇದ್ದರೆ ಅಟ್ಟಕ್ಕೆ ಹಾಕಬೇಡಿ, ತಂದುಕೊಡಿ. ಸೋಪಿನಿಂದ ತೊಳೆದು, ಬೇರಿಂಗ್ ಬದಲಿಸಿ, ಮತ್ತೊಬ್ಬರ ಅಳತೆಗೆ ಹೊಂದಿಸಬಹುದು. ಹಳೆಯ ಮೆತ್ತೆಯನ್ನು ಮಾತ್ರ ಮರುಬಳಕೆ ಮಾಡುವಂತಿಲ್ಲ. ಹೀಗೆ ಒಂದು ಕುರ್ಚಿ ಕೈಯಿಂದ ಕೈಗೆ ಸಾಗುವುದೂ ದಾಸೋಹವೇ.

ಆ ಹುಣಸೆಮರದ ಅಣ್ಣನ ವಿಷಯ ಹೇಳಿ ಮುಗಿಸುತ್ತೇನೆ. ಹುಣ್ಣು ಮಾಯ್ದ ಮೇಲೆ ಅದೇ ಕುರ್ಚಿಗೆ ಹಲಗೆ, ಎರಡು ಪದರದ ಮೆತ್ತೆ, ಪಕ್ಕದ ಪಟ್ಟಿ ಹಾಕಿದೆವು. ಪಾದದ ಹಲಗೆಯನ್ನು ಅವರ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಇಳಿಸಿದರು. ಕೈಯಾಸರೆ ಕಳಚುವಂತೆ ಮಾಡಿಸಿಕೊಂಡದ್ದು ಅವರದೇ ಯೋಚನೆ. ಈಗ ಅವರು ಚಂದ್ರಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗೂಡು ಬಿಡಿಸುತ್ತಾರೆ, ಅರ್ಧ ಗಂಟೆಗೊಮ್ಮೆ ಮುಂದೆ ಬಾಗುತ್ತಾರೆ. ಅವರು ಬಯಸಿದ್ದು ಮತ್ತೆ ಕಾಯಕಕ್ಕೆ ಕೂರುವುದನ್ನು. ಅದಕ್ಕೆ ಬೇಕಾದದ್ದು ಒಂದು ಟೇಪು, ಒಂದು ಸ್ಪ್ಯಾನರ್, ಒಂದಿಷ್ಟು ಫೋಮ್, ಮತ್ತು ಕೇಳಿ ಅಳೆದು ನೋಡುವ ವ್ಯವಧಾನ.

ನಿಮ್ಮ ಮನೆಯಲ್ಲೂ ಗಾಲಿಕುರ್ಚಿ ಇದ್ದರೆ ಇಂದೇ ಅದರ ಆಸನ ಅಳೆಯಿರಿ. ಸಂಶಯ ಬಂದರೆ ಕುರ್ಚಿಯನ್ನೂ ಕೂರುವವರನ್ನೂ ಕರೆದುಕೊಂಡು ಬನ್ನಿ.



ಶುಶ್ರೂಷಾ ಬೋಧಕಿ, ರೋಗಿ ಶಿಕ್ಷಣ ವಿಭಾಗ